ಬೀರ ನೀರು ಕುಡಿದನಾ

ಮೂಡಲಪಾಳ್ಯದ ಮೈದಾನಕ್ಕೆ ಬೆಳಗ್ಗೆ ಆರಕ್ಕೆ ನಾಯಿ ಹಿಡಿದುಕೊಂಡು ಬರುತ್ತಿದ್ದವರಿಗೆಲ್ಲ ನಮ್ಮಪ್ಪನೇ ಡಾಕ್ಟರು. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಎರಡನೇ ಸಲಕ್ಕೆ ಪಾಸು. ಕೆಲಸ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಲೇತ್ ಮಷೀನಿನ ಮುಂದೆ. ಆದರೆ ಅವನ ಸೋದರಮಾವ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ. ರಜೆಗೆ ಹೋದಾಗಲೆಲ್ಲ ಅಪ್ಪ ಅವನ ಹಿಂದೆ ಚೀಲ ಹೊತ್ತು ತಿರುಗಿ, ಎಮ್ಮೆಗೆ ಸೂಜಿ ಚುಚ್ಚುವುದನ್ನು ಕಲಿತಿದ್ದ. ಮೈದಾನದವರಿಗೆ ಅಷ್ಟು ಸಾಕಾಗಿತ್ತು. ಮೈಗೆ ರಕ್ತ ಹೀರುವ ಉಣುಗು ಹತ್ತಿದರೆ ಬೇವಿನೆಣ್ಣೆಗೆ ಏನು ಬೆರೆಸಬೇಕು, ಬೇಧಿಯಾದರೆ ಎಷ್ಟು ದಿನ ಮೊಸರನ್ನ ಹಾಕಬೇಕು, ಪಟಾಕಿ ಸದ್ದಿಗೆ ಮಂಚದಡಿ ಸೇರಿದ ನಾಯಿಯನ್ನು ಹೇಗೆ ಹೊರಗೆ ಕರೆಯಬೇಕು, ಎಲ್ಲದಕ್ಕೂ ಅಪ್ಪನ ಹತ್ತಿರ ಉತ್ತರ ಇತ್ತು. ಅಲ್ಲಿ ಮನುಷ್ಯರ ಹೆಸರು ಯಾರಿಗೂ ಗೊತ್ತಿರಲಿಲ್ಲ, ನಾಯಿಗಳ ಹೆಸರು ಎಲ್ಲರಿಗೂ ಗೊತ್ತಿತ್ತು. ಸೀಸರನನ್ನು ಕರೆತರುತ್ತಿದ್ದ ನಿವೃತ್ತ ಹೆಡ್‌ಮಾಸ್ಟರು ಸೀಸರ್ ಅಂಕಲ್. ಬಿಳಿ ಪಾಮೇರಿಯನ್ ಜಿಮ್ಮಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಬರುತ್ತಿದ್ದ, ಮಕ್ಕಳಿಲ್ಲದ ಹೆಂಗಸು ಜಿಮ್ಮಿ ಆಂಟಿ. ನಮ್ಮಪ್ಪ ಬೀರನ ಅಪ್ಪ, ಹಾಗಾಗಿ ನಾನು ಬೀರನ ಅಕ್ಕ. ಬೀರ ಯಾವ ಜಾತಿ ಅಂತ ಯಾರಾದರೂ ಕೇಳಿದರೆ ಅಪ್ಪ ‘ಮಿಕ್ಸು’ ಅನ್ನುತ್ತಿದ್ದ. ಮನೆಯಲ್ಲಿ ಅಜ್ಜಿ ‘ಬೀದಿ’ ಅನ್ನುತ್ತಿದ್ದಳು. ಕಂದು ಬಣ್ಣ, ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ, ಬಾಲ ಮಾತ್ರ ರಾಜನದ್ದು.

ನಾಯಿಗಳಿಗೆ ವರ್ಷಕ್ಕೊಂದು ಸಲ ಹುಚ್ಚಿನ ಇಂಜೆಕ್ಷನ್ ಕೊಡಿಸಬೇಕಲ್ಲ, ಅದನ್ನೂ ಮೈದಾನದವರು ಅಪ್ಪನ ಕೈಯಲ್ಲೇ ಹಾಕಿಸಿಕೊಳ್ಳುತ್ತಿದ್ದರು. ಆಟೋದವರು ನಾಯಿ ಹತ್ತಿಸುವುದಿಲ್ಲ, ಆಸ್ಪತ್ರೆಯಲ್ಲಿ ಸಾಲು, ಅಲ್ಲಿಗೆ ಹೋದರೆ ಜಿಮ್ಮಿ ಉಚ್ಚೆ ಹೊಯ್ದುಕೊಳ್ಳುತ್ತದೆ, ಹೀಗೆ ಒಬ್ಬೊಬ್ಬರದು ಒಂದೊಂದು ನೆಪ. ವಾರದ ರಜೆ ಬುಧವಾರ ಬಂದಾಗ ಅಪ್ಪ ಪ್ರಾಣಿಗಳ ಔಷಧಿ ಅಂಗಡಿಗೆ ಹೋಗಿ, ಎಲ್ಲ ನಾಯಿಗಳಿಗೂ ಸೇರಿಸಿ ಪುಟ್ಟ ಪುಟ್ಟ ಸೀಸೆಗಳನ್ನು ಐಸು ತುಂಬಿದ ಫ್ಲಾಸ್ಕಿನಲ್ಲಿ ತರುತ್ತಿದ್ದ. ಭಾನುವಾರ ಎಲ್ಲರೂ ಸೇರಿದಾಗ ಮೈದಾನದ ಕಲ್ಲುಬೆಂಚಿನ ಮೇಲೆ ಚುಚ್ಚುವವರೆಗೆ ಅವು ನಮ್ಮ ಫ್ರಿಡ್ಜಿನಲ್ಲಿ, ದೋಸೆ ಹಿಟ್ಟಿನ ಪಕ್ಕ, ಒಂದು ಸ್ಟೀಲ್ ಡಬ್ಬಿಯಲ್ಲಿ ಇರುತ್ತಿದ್ದವು. ನನಗೆ ಹತ್ತು ವರ್ಷವಾಗಿದ್ದ ಆ ಬೇಸಿಗೆಯಲ್ಲಿ, ಶಿವರಾತ್ರಿ ಕಳೆದ ಮೇಲಿನ ಒಂದು ಬುಧವಾರ, ಡಬ್ಬಿ ಒಳಗಿಡುವಾಗ ಅಪ್ಪ ನನ್ನನ್ನು ಹತ್ತಿರ ಕರೆದು ತೋರಿಸಿದ. ಅಮ್ಮ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಅಜ್ಜಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕೇಳಿಸಿಕೊಂಡವಳು ನಾನೊಬ್ಬಳೇ.

“ಇದು ಯಾವಾಗ್ಲೂ ತಣ್ಣಗಿರ್ಬೇಕು ಕಣೇ. ಬಿಸಿ ಆಯ್ತೋ, ನೀರಿಗೆ ಸಮ. ಚುಚ್ಚಿದ್ರೂ ಒಂದೇ, ಬಿಟ್ರೂ ಒಂದೇ.”

ಹೂಂ ಅಂದೆ. ಆದರೆ ನಮ್ಮ ಮನೆಯ ಫ್ರಿಡ್ಜು ಹಗಲೆಲ್ಲ ಆರಿರುತ್ತಿತ್ತು, ಅದು ಅಜ್ಜಿಯನ್ನೂ ನನ್ನನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ಮೂಡಲಪಾಳ್ಯ ಹೊಲವಾಗಿದ್ದ ಕಾಲದವಳು. ಹಾವು ಕಂಡರೆ ಬರಿಗಾಲಲ್ಲಿ ಅಟ್ಟಿಸಿಕೊಂಡು ಹೋಗುತ್ತಿದ್ದಳು, ಆದರೆ ಫ್ರಿಡ್ಜಿಗೆ ಹೆದರುತ್ತಿದ್ದಳು. ಅಪ್ಪ ಕಾರ್ಖಾನೆಗೆ, ಅಮ್ಮ ಗಾರ್ಮೆಂಟ್ಸಿಗೆ, ನಾನು ಸ್ಕೂಲಿಗೆ ಹೋದ ಮೇಲೆ ಆ ಉದ್ದನೆಯ ಹಾಲಿನಲ್ಲಿ ಅವಳೂ ಅದೂ ಇಬ್ಬರೇ. ಅದು ಇದ್ದಕ್ಕಿದ್ದ ಹಾಗೆ ಗುರ್ ಅನ್ನುವುದು, ನಡುಗುವುದು, ಆಮೇಲೆ ಉಸಿರು ಕಟ್ಟಿದ ಹಾಗೆ ಸುಮ್ಮನಾಗುವುದು ಕೇಳಿ ಕೇಳಿ, ಒಂದಲ್ಲ ಒಂದು ದಿನ ಸಿಡಿದು ಮನೆಗೆ ಬೆಂಕಿ ಹತ್ತುತ್ತದೆ ಅಂತ ತೀರ್ಮಾನಿಸಿದ್ದಳು. ನಾವು ಹೊರಟ ಕೂಡಲೇ ಕೋಲಿನ ತುದಿಯಿಂದ ಮೇಲಿದ್ದ ಸ್ವಿಚ್ಚನ್ನು ಕುಟ್ಟಿ ಆರಿಸಿಬಿಡುತ್ತಿದ್ದಳು. ಕೆಳಗಿನಿಂದ ಕುಟ್ಟಿ ಆರಿಸುವುದು ಕೋಲಿಗೆ ಬರುತ್ತಿತ್ತು, ಮೇಲಿನಿಂದ ಕೆಳಕ್ಕೆ ಒತ್ತಿ ಹಾಕುವುದು ಬರುತ್ತಿರಲಿಲ್ಲ. ಅದು ನನ್ನ ಕೆಲಸ. ನಾಲ್ಕಕ್ಕೆ ಸ್ಕೂಲಿನಿಂದ ಬಂದು, ಸ್ಟೂಲ್ ಹತ್ತಿ ಸ್ವಿಚ್ ಒತ್ತಿ, ಕೆಳಗೆ ಸೋರಿದ ನೀರನ್ನು ಒರೆಸಿ, ಆಮೇಲೆ ಯೂನಿಫಾರ್ಮ್ ಬಿಚ್ಚುತ್ತಿದ್ದೆ. ಆರಕ್ಕೆ ಅಮ್ಮ ಬರುವ ಹೊತ್ತಿಗೆ ಎಲ್ಲ ತಣ್ಣಗೆ.

ಯಾಕೆ ಹೇಳಲಿಲ್ಲ ಅಂತ ನೀವು ಕೇಳಬಹುದು. ಹಿಂದಿನ ವರ್ಷ ಎರಡು ಸಲ ಹಿಟ್ಟು ಹುಳಿಯಾಗಿ, ಹಾಲು ಕೆಟ್ಟು, ಅಮ್ಮನಿಗೆ ಅನುಮಾನ ಬಂದು ದೊಡ್ಡ ಜಗಳವಾಗಿತ್ತು. ‘ನಾನೇನು ಕಳ್ಳಿಯಾ’ ಅಂತ ಅಜ್ಜಿ, ‘ಈ ಮನೇಲಿ ನನ್ನ ಕೈಲಿ ಇರಕ್ಕಾಗಲ್ಲ’ ಅಂತ ಅಮ್ಮ. ಅಮ್ಮ ಬಟ್ಟೆ ತುಂಬಿಕೊಂಡು ಕೆಂಗೇರಿಯ ತವರಿಗೆ ಹೋಗಿ ಹನ್ನೊಂದು ದಿನ ಬರಲಿಲ್ಲ. ಆ ಹನ್ನೊಂದು ದಿನ ನಾನು ಗೇಟಿನ ಮೇಲೆ ಕೂತು ರಸ್ತೆ ನೋಡುತ್ತಿದ್ದೆ. ಫ್ರಿಡ್ಜಿನ ವಿಷಯ ಬಾಯಿ ಬಿಟ್ಟರೆ ಅಮ್ಮ ಮತ್ತೆ ಹೋಗುತ್ತಾಳೆ, ಈ ಸಲ ಬರುವುದಿಲ್ಲ ಅಂತ ನನಗೆ ಖಾತ್ರಿಯಿತ್ತು. ಹಾಗಾಗಿ ಆ ಗುರುವಾರ ಸ್ಕೂಲಿನಿಂದ ಬಂದವಳು ಡಬ್ಬಿ ತೆಗೆದು, ಒಂದು ಸೀಸೆಯನ್ನು ಕೈಯಲ್ಲಿ ಹಿಡಿದು ನೋಡಿದೆ. ಬೆಚ್ಚಗಿತ್ತು. ಕೆನ್ನೆಗೆ ಒತ್ತಿಕೊಂಡೆ, ಬೆಚ್ಚಗೇ ಇತ್ತು. ಅಲ್ಲೇ ಇಟ್ಟು ಸ್ವಿಚ್ ಒತ್ತಿದೆ. ಶುಕ್ರವಾರವೂ ಅದೇ, ಶನಿವಾರವೂ ಅದೇ. ಭಾನುವಾರ ಅಪ್ಪ ಮೈದಾನದಲ್ಲಿ ಬೀರನಿಂದ ಶುರುಮಾಡಿ ಎಲ್ಲ ನಾಯಿಗಳಿಗೂ ಚುಚ್ಚಿದ. ಜಿಮ್ಮಿಯ ಕತ್ತಿನ ಚರ್ಮ ಎತ್ತಿ ಹಿಡಿದುಕೊಂಡವಳು ನಾನೇ. ಆಂಟಿ ಎಲ್ಲರಿಗೂ ಮೈಸೂರುಪಾಕು ಹಂಚಿದರು. ನಾನೂ ತಿಂದೆ.

ಮೂರು ವಾರ ಏನೂ ಆಗಲಿಲ್ಲ. ಮಕ್ಕಳ ಭಯಕ್ಕೆ ಆಯಸ್ಸು ಕಮ್ಮಿ, ನಾನು ಮರೆತೂ ಬಿಟ್ಟಿದ್ದೆ. ಒಂದು ಬೆಳಗ್ಗೆ ಮೈದಾನದ ಮೂಲೆಯಿಂದ ಎಲ್ಲಿಯದೋ ಒಂದು ಕರಿನಾಯಿ ಬಂತು. ಅದರ ನಡಿಗೆಯೇ ಸರಿಯಿರಲಿಲ್ಲ, ಬಾಯಿಂದ ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು. ಬೊಗಳಲಿಲ್ಲ, ಗುರ್ ಅನ್ನಲಿಲ್ಲ, ನೇರ ಬಂದು ಬೀರನ ಕಿವಿಗೆ ಬಾಯಿ ಹಾಕಿತು. ಸೀಸರ್ ಅಂಕಲ್ ವಾಕಿಂಗ್ ಸ್ಟಿಕ್ಕಿನಿಂದ ಹೊಡೆದು ಬಿಡಿಸುವ ಹೊತ್ತಿಗೆ ಕಿವಿ ಹರಿದಿತ್ತು. ಮಾರನೇ ದಿನ ಆ ಕರಿನಾಯಿ ಮೋರಿಯ ಪಕ್ಕ ಸತ್ತುಬಿದ್ದಿತ್ತು. ಆಗ ಮೈದಾನದಲ್ಲಿ ಎದ್ದ ಸಲಹೆಗಳೋ ಸಲಹೆಗಳು. ಒಬ್ಬರು ಅರಿಶಿನ ಅಂದರು, ಇನ್ನೊಬ್ಬರು ಸೀಮೆಎಣ್ಣೆ ಅಂದರು. ಸೀಸರ್ ಅಂಕಲ್ ಪಾಠ ಮಾಡುವ ದನಿಯಲ್ಲಿ, ಹುಚ್ಚು ಹಿಡಿದ ನಾಯಿ ಮೊದಲು ನೀರು ಬಿಡುತ್ತದೆ, ಆಮೇಲೆ ಕತ್ತಲೆಗೆ ಸೇರುತ್ತದೆ, ಅದು ಕಚ್ಚಿದ ಮನುಷ್ಯನೂ ನೀರು ಕಂಡರೆ ಗಂಟಲು ಹಿಡಿದು ಸಾಯುತ್ತಾನೆ, ಅದಕ್ಕೆ ಮದ್ದೇ ಇಲ್ಲ ಅಂತ ವಿವರಿಸಿದರು. ಅಪ್ಪ ಮಾತ್ರ ನಕ್ಕ.

“ಮೂರು ವಾರದ ಹಿಂದೆ ತಾನೆ ನಾನೇ ಚುಚ್ಚಿದೀನಲ್ಲ ಸಾರ್. ಬೀರಂಗೆ ಏನೂ ಆಗಲ್ಲ.”

ಎಲ್ಲರಿಗೂ ಸಮಾಧಾನವಾಯಿತು. ಅಪ್ಪ ಹೇಳಿದ ಮೇಲೆ ಮುಗಿಯಿತು. ನಾನು ಅಪ್ಪನ ಮುಖ ನೋಡುತ್ತಾ ನಿಂತೆ. ಈಗ ಹೇಳಬೇಕು, ಈಗ ಹೇಳಬೇಕು ಅಂತ ಎದೆ ಹೊಡೆದುಕೊಳ್ಳುತ್ತಿತ್ತು, ಬಾಯಿ ಮಾತ್ರ ಬೀಗ ಹಾಕಿದ ಹಾಗಿತ್ತು. ಅಪ್ಪ ಕಿವಿಗೆ ಔಷಧಿ ಹಚ್ಚಿ, ದಿನಾ ಸಂಜೆ ಗಾಯ ತೊಳೆಯುವ ಕೆಲಸವನ್ನು ನನಗೇ ವಹಿಸಿದ. ಗಾಯ ಬೇಗ ಆರಲಿಲ್ಲ. ಹದಿನೈದು ದಿನ ಕಳೆದಿರಬೇಕು, ಒಂದು ಸಂಜೆ ಹತ್ತಿಯಿಂದ ಒತ್ತಿದಾಗ ಬೀರ ನೋವಿಗೆ ತಟಕ್ಕನೆ ತಿರುಗಿ ಬಾಯಿ ಹಾಕಿದ. ಅವನ ಹಲ್ಲು ನನ್ನ ಮಣಿಕಟ್ಟಿನ ಮೇಲೆ ಗೀರು ಎಳೆಯಿತು. ಎರಡು ಹನಿ ರಕ್ತ, ಅಷ್ಟೇ. ಕಚ್ಚಿದ ತಕ್ಷಣ ಅವನೇ ನಾಚಿಕೊಂಡು ನನ್ನ ಪಾದ ನೆಕ್ಕಿದ, ಆಮೇಲೆ ಎದ್ದು ಹೋಗಿ ಅಪ್ಪನ ಮಂಚದ ಕೆಳಗೆ, ಗೋಡೆ ಬದಿಯ ಕತ್ತಲಲ್ಲಿ ಮಲಗಿದ. ಕತ್ತಲೆಗೆ ಸೇರುತ್ತದೆ ಅಂದಿದ್ದರಲ್ಲ ಸೀಸರ್ ಅಂಕಲ್. ನಾನು ನಲ್ಲಿಯ ಕೆಳಗೆ ಕೈ ಹಿಡಿದು ನಿಂತೆ, ಎಷ್ಟು ಹೊತ್ತು ನಿಂತೆ ಅಂತ ಗೊತ್ತಿಲ್ಲ. ಅಮ್ಮ ಬಂದು ಕೇಳಿದಾಗ ಕೈವಾರ ಚುಚ್ಚಿಕೊಂಡಿತು ಅಂದೆ.

ಅವತ್ತಿನಿಂದ ನಾನು ಸತ್ತುಹೋಗುತ್ತೇನೆ ಅನ್ನುವುದರಲ್ಲಿ ನನಗೆ ಸಂಶಯವೇ ಉಳಿಯಲಿಲ್ಲ. ಯಾವತ್ತು ಅನ್ನುವುದೊಂದೇ ಪ್ರಶ್ನೆ. ಬೆಳಗ್ಗೆ ಕಣ್ಣು ಬಿಟ್ಟರೆ ಮೊದಲು ಬೀರನ ಅಲ್ಯೂಮಿನಿಯಂ ಬಟ್ಟಲ ಹತ್ತಿರ ಓಡುತ್ತಿದ್ದೆ. ಹಿಂದಿನ ದಿನ ಪೆನ್ಸಿಲಿನಿಂದ ಬಟ್ಟಲಿನ ಒಳಗೆ ಗೆರೆ ಎಳೆದಿರುತ್ತಿದ್ದೆ. ನೀರು ಗೆರೆಯ ಕೆಳಗಿದ್ದರೆ ಬೀರ ಕುಡಿದಿದ್ದಾನೆ, ಇನ್ನೊಂದು ದಿನ ನಾನು ಬದುಕಿದೆ. ಆಮೇಲೆ ಯೋಚನೆ ಬರುತ್ತಿತ್ತು, ಬಿಸಿಲಿಗೆ ಆರಿತೋ, ಕಾಗೆ ಕುಡಿಯಿತೋ? ಆಗ ಬಟ್ಟಲು ತುಂಬಿಸಿ ಅವನ ಮುಂದೆ ಇಟ್ಟು, ಕುಡಿಯೋ ಬೀರ, ಕುಡಿಯೋ ನನ್ನಪ್ಪ ಅಂತ ಅಂಗಲಾಚುತ್ತಿದ್ದೆ. ಬೇಕಾದಾಗ ಕುಡಿಯುತ್ತಿದ್ದ, ಬೇಡವಾದಾಗ ಮುಖ ತಿರುಗಿಸುತ್ತಿದ್ದ. ಅವನು ಮುಖ ತಿರುಗಿಸಿದ ದಿನ ಸ್ಕೂಲಿನಲ್ಲಿ ನನಗೆ ಒಂದಕ್ಷರ ಕಾಣುತ್ತಿರಲಿಲ್ಲ. ಪರೀಕ್ಷೆ ಹತ್ತಿರವಾಗಿತ್ತು. ಅದಕ್ಕೇ ಹುಡುಗಿ ಹೆದರಿದ್ದಾಳೆ ಅಂದುಕೊಂಡು ಅಮ್ಮ ಬಾದಾಮಿ ನೆನೆಹಾಕಿ ಕೊಟ್ಟಳು. ಮೈದಾನದಲ್ಲಿ ಇನ್ನೂ ಕಷ್ಟ. ಜಿಮ್ಮಿ ಆಂಟಿ ಬಿಸ್ಕತ್ತನ್ನು ಅರ್ಧ ತಾವು ಕಚ್ಚಿ ಇನ್ನರ್ಧ ಜಿಮ್ಮಿಯ ಬಾಯಿಗಿಡುತ್ತಿದ್ದರು. ಅದು ಅವರ ಮೂಗು, ಬಾಯಿ ಎಲ್ಲ ನೆಕ್ಕುತ್ತಿತ್ತು. ಅವರನ್ನು ನೋಡಿದರೆ ನನಗೆ ಅಳು ಬರುತ್ತಿತ್ತು. ಅವರ ಜಿಮ್ಮಿಯ ಮೈಯಲ್ಲೂ ಬರೀ ನೀರು ತಾನೆ ಇದ್ದದ್ದು.

ಐದನೇ ದಿನ ಊಟಕ್ಕೆ ಕೂತಾಗ ನನ್ನ ಗಂಟಲು ಹಿಡಿಯಿತು. ಮುದ್ದೆ, ಬಸ್ಸಾರು. ಮುದ್ದೆಯನ್ನು ಅಗಿಯುವ ಹಾಗಿಲ್ಲ, ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಬೇಕು. ನುಂಗಲು ಹೋದರೆ ತುತ್ತು ಅಲ್ಲೇ ನಿಂತಿತು. ನೀರಿನ ಲೋಟ ಎತ್ತಿದೆ, ನೀರು ಕಂಡ ಕೂಡಲೇ ಗಂಟಲು ಇನ್ನೂ ಬಿಗಿಯಿತು. ಬಂತು ಅಂದುಕೊಂಡೆ. ಮುಗಿಯಿತು. ತಟ್ಟೆಯ ಮುಂದೆ ಕೂತೇ ಇದ್ದೆ, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಹೇಗೋ ತುತ್ತನ್ನು ಬಚ್ಚಲಿಗೆ ಹೋಗಿ ಉಗಿದು ಬಂದೆ. ಅವತ್ತು ರಾತ್ರಿಯೂ ನೀರು ಕುಡಿಯಲಿಲ್ಲ, ಮಾರನೇ ಬೆಳಗ್ಗೆಯೂ ಕುಡಿಯಲಿಲ್ಲ. ಸ್ಕೂಲಿನಿಂದ ಬಂದು ಸ್ಟೂಲ್ ಹತ್ತಲು ಹೋದವಳಿಗೆ ಕಣ್ಣು ಕತ್ತಲೆ ಬಂದು ಕೆಳಗೆ ಕೂತೆ. ಅಜ್ಜಿ ಬಂದು ಮುಖ ನೋಡಿ, ಯಾವಳ ಕಣ್ಣು ಬಿತ್ತೋ ಅಂತ ಬೈಯುತ್ತಾ ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದಳು. ಆಮೇಲೆ ಒಂದು ಚೊಂಬು ನೀರು ತಂದು ಬಾಯಿಗೆ ಹಿಡಿದಳು. ನಾನು ಚೊಂಬನ್ನು ತಳ್ಳಿ ಕಿರುಚಿದೆ. ಅಜ್ಜಿ ನನ್ನ ಪಕ್ಕ ನೆಲದ ಮೇಲೆ ಕೂತಳು. ಆಗ ನಾನು ಎಲ್ಲ ಹೇಳಿದೆ: ಹಲ್ಲು ತಾಗಿದ್ದು, ಕರಿನಾಯಿ, ಸೀಸೆ ಬೆಚ್ಚಗಿದ್ದದ್ದು, ತಣ್ಣಗಿರಬೇಕು ಅಂತ ಅಪ್ಪ ನನಗೆ ಹೇಳಿದ್ದು, ಗೊತ್ತಿದ್ದೂ ನಾನು ಸುಮ್ಮನಿದ್ದದ್ದು. ಅಜ್ಜಿಗೆ ಆ ಡಬ್ಬಿಯಲ್ಲಿ ಏನಿತ್ತು ಅಂತಲೇ ಗೊತ್ತಿರಲಿಲ್ಲ. ಅವಳು ಸೆರಗಿನಿಂದ ನನ್ನ ಕಣ್ಣು ಒರೆಸಿದಳು.

“ನೀನು ಯಾರ್ಗೂ ಏನೂ ಹೇಳ್ಬ್ಯಾಡ ಮಗ. ನಾನು ಹೇಳ್ತೀನಿ.”

ಅವತ್ತು ಫ್ರಿಡ್ಜಿನ ಸ್ವಿಚ್ ಯಾರೂ ಹಾಕಲಿಲ್ಲ. ಅಪ್ಪ ಬಂದು ಶೂ ಬಿಚ್ಚುತ್ತಿದ್ದ, ಅಮ್ಮ ಆಗಷ್ಟೇ ಚೀಲ ಇಳಿಸಿದ್ದಳು. ಅಜ್ಜಿ ಹಾಲಿನ ನಡುವೆ ನಿಂತು, ನಾಯಿ ಕೂಸಿಗೆ ಕಚ್ಚಿದೆ, ಇವತ್ತಿಗೆ ಆರು ದಿನ, ಅಂದಳು. ಅಪ್ಪ ಬಂದು ನನ್ನ ಮಣಿಕಟ್ಟು ಹಿಡಿದು ನೋಡಿ, ಅಷ್ಟೇ ತಾನೆ, ಬೀರನಿಗೆ ಇಂಜೆಕ್ಷನ್ ಆಗಿದೆಯಲ್ಲ, ಯಾಕೆ ಗಾಬರಿ ಅಂದ. ಆಗ ಅಜ್ಜಿ ಹೇಳಿದಳು.

“ಆ ಮದ್ದು ಕೆಟ್ಟೋಗಿತ್ತು ಕಣೋ. ನೀವು ಹೋದ್ಮೇಲೆ ದಿನಾ ಆ ಪೆಟ್ಟಿಗೆ ಆರಿಸ್ತಿದ್ದೆ. ನೀವು ಬರೋ ಹೊತ್ಗೆ ಹಾಕ್ತಿದ್ದೆ. ಮದ್ದು ಇದ್ದಾಗ್ಲೂ.”

ಬಿಚ್ಚಿದ ಶೂ ಅಪ್ಪನ ಒಂದು ಕೈಯಲ್ಲೇ ಇತ್ತು. ಅವನ ಮುಖದಿಂದ ರಕ್ತ ಇಳಿದು ಹೋದದ್ದು ನನಗೆ ಕಾಣಿಸಿತು. ಅಪ್ಪನಿಗೂ ಹೆದರಿಕೆಯಾಗುತ್ತದೆ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ, ಗೊತ್ತಾದ ಮೇಲೆ ನನ್ನ ಹೆದರಿಕೆ ಎರಡರಷ್ಟಾಯಿತು. ಮಾತಾಡಿದವಳು ಅಮ್ಮ. ನಿಮಗೆ ಸ್ವಿಚ್ಚು ಎಟುಕುವುದೇ ಇಲ್ಲವಲ್ಲ ಅತ್ತೆ, ಯಾರು ಹಾಕುತ್ತಿದ್ದರು ಅಂತ ಕೇಳಿದಳು. ಅಜ್ಜಿ ಮೂಲೆಯಲ್ಲಿದ್ದ ಕೋಲು ತೋರಿಸಿದಳು. ಅಮ್ಮ ಸ್ಟೂಲ್ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಅಷ್ಟರಲ್ಲಿ ಅಪ್ಪ ನನ್ನನ್ನು ಎತ್ತಿಕೊಂಡು ಬರಿಗಾಲಲ್ಲೇ ಸ್ಕೂಟರಿನ ಹತ್ತಿರ ಓಡಿದ್ದ. ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ, ಕಚ್ಚಿದ ದಿನವೇ ಸೋಪು ಹಾಕಿ ತೊಳೆದು ಕರೆತರಬೇಕಿತ್ತು ಅಂತ ಅಪ್ಪನಿಗೆ ಚೆನ್ನಾಗಿ ಬೈದರು. ನಾಯಿಗೆ ಇಂಜೆಕ್ಷನ್ ಯಾವ ಡಾಕ್ಟರು ಹಾಕಿದ್ದು ಅಂತ ಕೇಳಿದರು. ಅಪ್ಪ ತಲೆ ತಗ್ಗಿಸಿ ನಿಂತ. ಗಾಯದ ಸುತ್ತ ಚುಚ್ಚಿದರು, ತೋಳಿಗೆ ಚುಚ್ಚಿದರು, ಇನ್ನು ಯಾವ ಯಾವ ದಿನ ಬರಬೇಕು ಅಂತ ಚೀಟಿ ಬರೆದುಕೊಟ್ಟರು. ನೀರು ಇಳಿಯುತ್ತಿಲ್ಲ ಅಂತ ನಾನು ಪಿಸುಗುಟ್ಟಿದ್ದಕ್ಕೆ ಅವರು ಗಂಟಲಿಗೆ ಟಾರ್ಚು ಬಿಟ್ಟು ನೋಡಿ, ಇದು ಹೆದರಿಕೆ ಪುಟ್ಟಿ, ರೋಗ ಅಲ್ಲ ಅಂದರು. ನಾನು ನಂಬಲಿಲ್ಲ.

ಮಾರನೇ ಬೆಳಗ್ಗೆ ಅಪ್ಪ ಬೀರನನ್ನು ಹಿತ್ತಲಲ್ಲಿ ಸರಪಳಿಗೆ ಕಟ್ಟಿ, ಬರಿಗೈಯಲ್ಲಿ ಮೈದಾನಕ್ಕೆ ಹೊರಟ. ನಾನೂ ಹೊರಟೆ. ಆ ಮೈದಾನಕ್ಕೆ ಒಂದು ದಿನವೂ ಕಾಲಿಡದ ಅಜ್ಜಿ, ಸೆರಗು ಹೊದ್ದು, ನಾನೂ ಬತ್ತೀನಿ ಅಂತ ಹಿಂದೆ ಬಂದಳು. ಅಪ್ಪ ಬೇಡ ಅನ್ನಲಿಲ್ಲ. ನಾಯಿಗಳೆಲ್ಲ ಓಡಿ ಬಂದು ಅಪ್ಪನ ಕಾಲು ಮೂಸಿದವು. ಬೀರ ಎಲ್ಲಿ ಅಂತ ಎಲ್ಲರೂ ಕೇಳಿದರು. ಅಪ್ಪ ಎರಡು ಸಲ ಗಂಟಲು ಸರಿಮಾಡಿಕೊಂಡ. ನಾನು ಅವನ ಬೆರಳು ಹಿಡಿದುಕೊಂಡಿದ್ದೆ, ಅದು ಬೆವತು ಜಾರುತ್ತಿತ್ತು. ಇಷ್ಟು ವರ್ಷ ತಾನು ಕಟ್ಟಿಕೊಂಡದ್ದೆಲ್ಲ ಇನ್ನೊಂದು ಮಾತಿಗೆ ಬಿದ್ದುಹೋಗುತ್ತದೆ ಅಂತ ಅವನಿಗೆ ಗೊತ್ತಿತ್ತು. ಕೊನೆಗೆ ಹೇಳಿದ.

“ಎಲ್ರೂ ಇವತ್ತೇ ನಾಯಿಗಳನ್ನ ಡಾಕ್ಟ್ರ ಹತ್ರ ಕರ್ಕೊಂಡ್ಹೋಗಿ. ನಾನು ಹಾಕಿದ್ದು ಕೆಲಸಕ್ಕೆ ಬಾರದ ಮದ್ದು. ನಮ್ಮವ್ವ ಫ್ರಿಡ್ಜ್ ಆಫ್ ಮಾಡ್ಬಿಟ್ಟಿದ್ರು.”

ಮೊದಲ ಮಾತು ಹೇಳಿದ್ದು ಅವನ ಧೈರ್ಯ. ಕೊನೆಯ ಮಾತು ಸೇರಿಸಿದ್ದು ಅವನ ಭಯ. ಇವತ್ತು ನನಗೆ ಅದು ಅರ್ಥವಾಗುತ್ತದೆ, ಸಿಟ್ಟೂ ಬರುವುದಿಲ್ಲ. ಆದರೆ ಅವತ್ತು ಎಲ್ಲರ ಕಣ್ಣೂ ಒಂದೇ ಸಲ ಅಜ್ಜಿಯ ಕಡೆ ತಿರುಗಿತು. ಜಿಮ್ಮಿ ಆಂಟಿ ಜಿಮ್ಮಿಯನ್ನು ಎದೆಗೆ ಅವಚಿಕೊಂಡು, ನಾನು ಇದರ ಜೊತೆ ಒಂದೇ ದಿಂಬಲ್ಲಿ ಮಲಗ್ತೀನಲ್ಲಮ್ಮ ಅಂತ ಅಳುವುದಕ್ಕೆ ಶುರುಮಾಡಿದರು. ಸೀಸರ್ ಅಂಕಲ್, ಎಪ್ಪತ್ತು ದಾಟಿದ ಅಜ್ಜಿಗೆ, ತರಗತಿಯಲ್ಲಿ ಹುಡುಗರಿಗೆ ಬೈಯುವ ಹಾಗೆ ಬೈದರು. ಗೊತ್ತಿಲ್ಲದ ಸಾಮಾನು ಯಾಕೆ ಮುಟ್ಟಬೇಕು, ವಯಸ್ಸಾದ ಮೇಲೆ ಒಂದು ಕಡೆ ಸುಮ್ಮನೆ ಕೂರಬಾರದಾ, ಒಂದು ಜೀವ ಹೋಗಿದ್ದರೆ ಯಾರು ಹೊಣೆ ಅಂದರು. ಅಜ್ಜಿ, ತೆಪ್ಪಾಯ್ತು ಕಣಪ್ಪ, ತೆಪ್ಪಾಯ್ತು ಅಂತ ಕೈ ಮುಗಿದಳು. ಮದ್ದು ಕೆಡುತ್ತದೆ ಅಂತ ಗೊತ್ತಿದ್ದವಳು ಅಪ್ಪನ ಬೆರಳು ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ನಂಗೆ ಗೊತ್ತಿತ್ತು ಅಂತ ಅಂದಿದ್ದರೆ ಸಾಕಿತ್ತು. ಎರಡು ಮಾತು. ಬಾಯಿ ತೆರೆದೂ ಇದ್ದೆ. ಅಷ್ಟೂ ಕಣ್ಣುಗಳು ನನ್ನ ಕಡೆ ತಿರುಗುವುದನ್ನು ನೆನೆದು ಮುಚ್ಚಿಕೊಂಡೆ. ನಾಯಿಯ ಹಲ್ಲಿಗಿಂತ, ಸಾವಿಗಿಂತ, ಆ ಕಣ್ಣುಗಳಿಗೆ ನಾನು ಹೆಚ್ಚು ಹೆದರಿದೆ ಅನ್ನುವುದು ನಿಜ.

ಮಧ್ಯಾಹ್ನ ಅಜ್ಜಿ ಪಡಸಾಲೆಯಲ್ಲಿ ದಂಟಿನಸೊಪ್ಪು ಬಿಡಿಸುತ್ತಾ ಕೂತಿದ್ದಳು. ಅಮ್ಮ ಅವತ್ತು ಕೆಲಸಕ್ಕೆ ರಜೆ ಹಾಕಿ ಮನೆಯಲ್ಲೇ ಇದ್ದಳು, ಬಟ್ಟೆಯನ್ನೇನೂ ತುಂಬಿಕೊಂಡಿರಲಿಲ್ಲ. ನಾನು ಅಜ್ಜಿಯ ಪಕ್ಕ ಕೂತು, ಅಪ್ಪನಿಗೆ ಹೇಳಿಬಿಡುತ್ತೇನೆ ಅಂದೆ. ಅಜ್ಜಿ ಸೊಪ್ಪಿನಿಂದ ತಲೆ ಎತ್ತಲಿಲ್ಲ.

“ನಾನು ಬೈಸ್ಕೊಂಡಾಯ್ತಲ್ಲ ಮಗ. ಒಬ್ರು ಸಾಕು, ಇಬ್ರು ಯಾಕೆ? ನಾನು ಇನ್ನೆಷ್ಟು ದಿನ ಇರ್ತೀನಿ. ನೀನು ಇನ್ನೂ ಇಲ್ಲೇ ಬೆಳೀಬೇಕು.”

ಸರಿ ಅಂದೆ. ಅಷ್ಟು ಬೇಗ ಸರಿ ಅಂದದ್ದಕ್ಕೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಅವತ್ತು ಸಂಜೆ ಒಂದು ಲೋಟ ನೀರು ಗಟಗಟ ಇಳಿಯಿತು. ಚೀಟಿಯಲ್ಲಿದ್ದ ಸೂಜಿಗಳೆಲ್ಲ ಮುಗಿದವು. ತಿಂಗಳುಗಟ್ಟಲೆ ಸರಪಳಿಯಲ್ಲಿದ್ದ ಬೀರನಿಗೆ ಏನೂ ಆಗಲಿಲ್ಲ, ಇನ್ನೂ ಒಂಬತ್ತು ವರ್ಷ ಬದುಕಿದ. ಮೈದಾನದ ಯಾವ ನಾಯಿಗೂ ಏನೂ ಆಗಲಿಲ್ಲ. ಅಪ್ಪ ಮತ್ತೆ ಸೂಜಿ ಹಿಡಿಯಲಿಲ್ಲ, ಆದರೂ ಒಂದೆರಡು ತಿಂಗಳಿಗೆ ಜನ ಮತ್ತೆ ಉಣುಗು, ಬೇಧಿ ಅಂತ ಅವನನ್ನೇ ಕೇಳತೊಡಗಿದರು. ಅಜ್ಜಿ ಫ್ರಿಡ್ಜನ್ನು ಸಾಯುವವರೆಗೂ ಮುಟ್ಟಲಿಲ್ಲ. ಮೊಸರು ಬೇಕಾದರೂ ಅಮ್ಮ ಬರುವವರೆಗೆ ಕಾಯುತ್ತಿದ್ದಳು, ಹಗಲೆಲ್ಲ ಅದು ಗುರ್ ಅನ್ನುತ್ತಿದ್ದರೆ ಬಾಗಿಲು ಎಳೆದುಕೊಂಡು ಜಗಲಿಯ ಮೇಲೆ ಕೂರುತ್ತಿದ್ದಳು. ಅವಳು ಹೋಗಿ ಎಷ್ಟೋ ವರ್ಷವಾಯಿತು. ಆಗ ಅವಳಿಗಿದ್ದಷ್ಟೇ ವಯಸ್ಸು ಈಗ ಅಪ್ಪನಿಗೆ. ನಾನು ಹೊಸಹಳ್ಳಿಯಲ್ಲಿ ಮೆಟ್ರೋ ಇಳಿದು ಆಟೋ ಹಿಡಿದು ಹೋದಾಗಲೆಲ್ಲ ಅವನ ಮುಂದೆ ಯಾರಾದರೂ ನಾಯಿಯವರು ಕಾಫಿ ಕುಡಿಯುತ್ತಾ ಕೂತಿರುತ್ತಾರೆ. ಅವರಿಗೆ ಅಪ್ಪ ಈ ಕಥೆ ಹೇಳುತ್ತಾನೆ, ಹಳ್ಳಿ ಮುದುಕಿ, ಫ್ರಿಡ್ಜು ಸಿಡಿಯುತ್ತದೆ ಅಂತ ಆರಿಸಿಬಿಡುತ್ತಿದ್ದಳು, ಕೋಲಿನಲ್ಲೇ ಸ್ವಿಚ್ಚು ಹಾಕುತ್ತಿದ್ದಳು ಅಂತ ಅಜ್ಜಿಯ ಹಾಗೆ ಬೆನ್ನು ಬಗ್ಗಿಸಿ ಮಾಡಿ ತೋರಿಸುತ್ತಾನೆ. ಬಂದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಕೋಲಿನಲ್ಲಿ ಸ್ವಿಚ್ಚು ಹಾಕಲು ಬರುವುದಿಲ್ಲ ಅಂತ ಗೊತ್ತಿರುವ ನಾನು, ಅವರ ಜೊತೆ ಕೂತು ನಗುತ್ತೇನೆ.